ಮೂವರಿಗೆ ಹದಿನೈದು ರೂಪಾಯಿ

ಚಿಕ್ಕಮ್ಮನ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಹಳ್ಳಿಮೈಸೂರಿನ ಕಡೆಯ ತವರಿನಲ್ಲಿ ಹುಡುಗಿಯಾಗಿದ್ದಾಗ ಹುಲ್ಲು ಕೊಯ್ಯುತ್ತ ಕುಡುಗೋಲು ತಾಗಿ ನರ ಕಡಿದುಹೋಗಿತ್ತಂತೆ. ಉಳಿದ ಬೆರಳುಗಳು ಮುಷ್ಟಿ ಕಟ್ಟಿದರೂ ಅದೊಂದು ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ಭಾನುವಾರ ಚರ್ಚಿನಲ್ಲಿ ಅವಳು ಬೆರಳು ಹೆಣೆದು ಪ್ರಾರ್ಥನೆಗೆ ಕೂತರೆ, ಮುಂದಿನ ಸಾಲಿನವರ ಬೆನ್ನಿಗೆ ಗುರಿಯಿಟ್ಟಂತೆ ಕಾಣುತ್ತಿತ್ತು. ನನಗೂ ನನ್ನ ತಮ್ಮನಿಗೂ ನಗು ತಡೆಯಲಾಗುತ್ತಿರಲಿಲ್ಲ. ಅಜ್ಜಿ ನಮ್ಮ ತೊಡೆ ಚಿವುಟುತ್ತಿದ್ದಳು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ನಾವು ನಕ್ಕಿದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ ಎಂದು ಬಹಳ ವರ್ಷ ನಂಬಿದ್ದೆ.

ಅವಳು ನಮ್ಮ ತಂದೆಗೆ ಎರಡನೆಯ ಹೆಂಡತಿ. ಅಪ್ಪ ಹಾಸನದಲ್ಲಿ ಆಸ್ಪತ್ರೆಯ ಕಾಂಪೌಂಡರು. ನಮ್ಮ ತಾಯಿ ತೀರಿಕೊಂಡು ಮೂರು ವರ್ಷವಾದ ಮೇಲೆ, ನನಗೆ ಒಂಬತ್ತು ನಡೆಯುತ್ತಿದ್ದಾಗ, ಅವಳು ಒಂದು ತಗಡಿನ ಟ್ರಂಕು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಾನು ಅವಳನ್ನು ಬಹುವಚನದಲ್ಲಿ ಮಾತನಾಡಿಸುತ್ತಿದ್ದೆ. ಅದು ಗೌರವವಲ್ಲ; ದೂರ ಇಡುವ ಉಪಾಯ. ಅಪ್ಪನಿಗೆ ಅದು ತಿಳಿಯದೆ, ಮಗಳು ಎಷ್ಟು ಮರ್ಯಾದೆ ಕಲಿತಿದ್ದಾಳೆಂದು ಸಂತೋಷಪಡುತ್ತಿದ್ದರು.

ನಮ್ಮದು ಚಿಕ್ಕ ಕ್ರೈಸ್ತ ಸಭೆ. ಭಾನುವಾರ ಸೇರುವ ನಲವತ್ತು ಮನೆಗಳವರಿಗೂ ನಮ್ಮ ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಬೇಕಾಗಿತ್ತು. ಮಲತಾಯಿ ಮಕ್ಕಳಿಗೆ ಹೊಟ್ಟೆ ತುಂಬ ಹಾಕುತ್ತಾಳೋ ಇಲ್ಲವೋ ಎಂದು ನನ್ನನ್ನು ಕರೆದು ಕೇಳಿದವರುಂಟು. ಚಿಕ್ಕಮ್ಮನಿಗೆ ಇದೆಲ್ಲ ಗೊತ್ತಿತ್ತು. ಹಾಗಾಗಿ ಅವಳಿಗೊಂದು ಅಭ್ಯಾಸ ಬಂದಿತ್ತು. ಬೆಲ್ಲವಾಗಲಿ ಕಜ್ಜಾಯವಾಗಲಿ, ಹಂಚುವಾಗ ನಮ್ಮನ್ನೆಲ್ಲ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. "ಎಲ್ಲ ಕಣ್ಮುಂದೆ ಆಗ್ಲಿ" ಅನ್ನುತ್ತಿದ್ದಳು. ಪಾಲು ಮಾಡಿ, "ಆರಿಸ್ಕಳಿ" ಎಂದು ಕೈ ಹಿಂದಕ್ಕೆ ತೆಗೆಯುತ್ತಿದ್ದಳು. ನಾನು ಯಾವಾಗಲೂ ದೊಡ್ಡದನ್ನು ಹುಡುಕುತ್ತಿದ್ದೆ. ದೊಡ್ಡದು ಇರುತ್ತಿರಲಿಲ್ಲ.

ಕ್ರಿಸ್‌ಮಸ್ಸಿಗೆ ಮಕ್ಕಳಿಗೆ ಎಷ್ಟು ಖರ್ಚು ಮಾಡಬೇಕು ಎನ್ನುವುದು ಮಾತ್ರ ಅಪ್ಪನ ತೀರ್ಮಾನ. ಡಿಸೆಂಬರಿನ ಮೊದಲ ಭಾನುವಾರ ಊಟವಾದ ಮೇಲೆ ಗೋಡೆಗೆ ಒರಗಿ ಕೂತು, "ಈ ಸಲ ಒಂದೂವರೆ ರೂಪಾಯಿ" ಎಂದೋ "ಎರಡು" ಎಂದೋ ಹೇಳುತ್ತಿದ್ದರು. ಅದರಲ್ಲಿ ನನಗೆ ಬಳೆ, ತಮ್ಮನಿಗೆ ಬುಗುರಿ, ಮೇಲಿಷ್ಟು ಪೆಪ್ಪರ್‌ಮೆಂಟು ಬರುತ್ತಿತ್ತು. ಬಟ್ಟೆಯ ಲೆಕ್ಕ ಬೇರೆ.

ಯುದ್ಧ ಶುರುವಾಗಿ ವರ್ಷದ ಮೇಲಾಗಿತ್ತು. ಸೈನ್ಯದ ಆಸ್ಪತ್ರೆಗಳಿಗೆ ಕಾಂಪೌಂಡರುಗಳು ಬೇಕೆಂದು ಕರೆ ಬಂದಾಗ ಅಪ್ಪ ಹೆಸರು ಕೊಟ್ಟರು. ಸಂಬಳ ಹೆಚ್ಚು, ಮನೆಗೆ ತಿಂಗಳು ತಿಂಗಳು ಪಾಲು ಬರುತ್ತದೆ ಎಂದರು. ಅವರು ರೈಲು ಹತ್ತಿದಾಗ ಚಿಕ್ಕಮ್ಮನ ಕೂಸಿಗೆ, ನನ್ನ ತಂಗಿಗೆ, ಮೂರು ತಿಂಗಳು. ಎಲ್ಲಿಗೆ ಕಳಿಸಿದರೆಂದು ಬರೆಯುವಂತಿರಲಿಲ್ಲ. ಕಾಗದದ ಮೇಲೆ ಬರೀ ಒಂದು ನಂಬರಿನ ಟಪಾಲು ಕಚೇರಿ. ಆದರೆ ಒಂದು ಕಾಗದದಲ್ಲಿ, "ಇಲ್ಲಿ ಸಾಲು ಸಾಲು ಮರ, ಗೀರಿದರೆ ಹಲಸಿನ ಹಾಗೆ ಹಾಲು ಸುರಿಯುತ್ತದೆ" ಎಂದು ಬರೆದಿದ್ದರು. ನಮ್ಮ ಶಾಲೆಯ ಮೇಷ್ಟ್ರು ಅದನ್ನು ಓದಿ, ಅದು ರಬ್ಬರು, ಊರು ಮಲಯಾ ಎಂದರು.

ನಲವತ್ತೊಂದರ ಡಿಸೆಂಬರಿನಲ್ಲಿ ಜಪಾನಿನವರು ಮಲಯಾದ ಮೇಲೆ ಬಿದ್ದರು.

ಆ ಸುದ್ದಿ ಬಂದ ವಾರದಲ್ಲೇ, ಒಂದು ಮಧ್ಯಾಹ್ನ, ಟಪಾಲಿನವನು ಮನಿಯಾರ್ಡರು ತಂದ. ಜಪಾನಿನವರು ಬೀಳುವ ಮುಂಚೆಯೇ ಅಲ್ಲಿಂದ ಹೊರಟ ದುಡ್ಡು. ಚಿಕ್ಕಮ್ಮ ನಿಧಾನವಾಗಿ ಕನ್ನಡದಲ್ಲಿ ರುಜು ಹಾಕಿ ಐದರ ಮೂರು ನೋಟು ಎಣಿಸಿಕೊಂಡಳು. ಕೂಪನ್ನಿನಲ್ಲಿ ಅಪ್ಪನ ಕೈಬರಹ ಇತ್ತು. "ಹದಿನೈದು ರೂಪಾಯಿ. ಮಕ್ಕಳ ಕ್ರಿಸ್‌ಮಸ್ಸಿಗೆ. ಪೂರ್ತಿ ಅವರಿಗೇ ಖರ್ಚು ಮಾಡು. ಮನೆಯ ಖರ್ಚಿಗೆ ಬೇರೆ ಬರುತ್ತದೆ." ಅದನ್ನು ಗಟ್ಟಿಯಾಗಿ ಓದಿದವಳು ನಾನೇ.

ತಮ್ಮ ಕುಣಿದಾಡಿಬಿಟ್ಟ. ಅಜ್ಜಿ ಕೂತಲ್ಲೇ ಮುಖ ಇಳಿಬಿಟ್ಟಳು. ಅಜ್ಜಿ ಅಪ್ಪನ ತಾಯಿ, ಅರಕಲಗೂಡಿನ ಕಡೆಯವಳು; ಬಾಯಿ ಜೋರು, ಮಗನೆಂದರೆ ಪ್ರಾಣ.

"ಯಾಕ್ಲಾ ಇಷ್ಟೊಂದು ಕಳಿಸ್ದ ನನ್ ಮಗ?" ಎಂದಳು. ಯಾರನ್ನು ಕೇಳಿದಳೋ. "ಎರಡು ರುಪಾಯಿಗೆ ಲೆಕ್ಕ ಆಕೋನು. ಮುಂದಿನ ಅಬ್ಬಕ್ಕೆ ತಾನಿರಾಕಿಲ್ಲ ಅಂತ ಗೊತ್ತಾಗ್ಬುಟ್ಟದೆ ಅವನಿಗೆ. ಎಲ್ಲಾ ಸೇರಿಸಿ ಒಂದೇ ಸಲ ಕಳಿಸವ್ನೆ."

ತಮ್ಮನ ಕುಣಿತ ನಿಂತಿತು. ಚಿಕ್ಕಮ್ಮ ಎದ್ದುಹೋಗಿ ಮೂರು ನೋಟನ್ನೂ ಕೂಪನ್ನನ್ನೂ ಟ್ರಂಕಿನ ತಳದಲ್ಲಿಟ್ಟು ಬೀಗ ಹಾಕಿದಳು. ಕಣ್ಮುಂದೆ ಆಗಲಿ ಎನ್ನುತ್ತಿದ್ದವಳು ಆ ದಿನ ನಮ್ಮ ಕಡೆ ತಿರುಗಿ ನೋಡಲಿಲ್ಲ.

ಆಮೇಲಿನ ನಾಲ್ಕು ದಿನ ನೋಟುಗಳು ಟ್ರಂಕಿನಲ್ಲೇ ಇದ್ದವು. ಆ ತಿಂಗಳ ಪಾಲಿನ ಹಣ ಬಂದಿರಲಿಲ್ಲ. ಆಳು ಕಾಣೆಯಾದರೆ ಪಾಲು ನಿಲ್ಲಿಸಿಬಿಡುತ್ತಾರೆ ಎಂದು ಯಾರೋ ಹೇಳಿ ಹೋಗಿದ್ದರು. ಶಾಲೆ ಬಿಟ್ಟೊಡನೆ ನಾನು ವಾಚನಾಲಯದ ಜಗುಲಿಯಲ್ಲಿ ನಿಂತು, ದೊಡ್ಡವರು ಪೇಪರು ಓದುವುದನ್ನು ಕೇಳಿಸಿಕೊಂಡು ಬರುತ್ತಿದ್ದೆ. ಅಪ್ಪ ಯಾವ ಊರಿನಲ್ಲಿದ್ದಾರೆಂದು ತಿಳಿಯದ್ದರಿಂದ, ಪೇಪರಿನಲ್ಲಿ ಬಿದ್ದ ಊರೆಲ್ಲ ಅಪ್ಪನ ಊರೇ ಆಗುತ್ತಿತ್ತು. ಪೆನಾಂಗ್ ಕೈಬಿಟ್ಟರು ಎಂದು ಕೇಳಿದ ದಿನ ಓಡಿಬಂದು ಹೇಳಿದೆ. ಚಿಕ್ಕಮ್ಮ ರಾಗಿ ಕೇರುತ್ತಿದ್ದಳು. ಮೊರ ಒಂದು ಕ್ಷಣ ನಿಂತು ಮತ್ತೆ ಆಡಿತು.

"ಅಲ್ಲಿ ಆಸ್ಪತ್ರೆ ಐತಂತಾ?" ಎಂದಳು.

"ಗೊತ್ತಿಲ್ಲ."

ಅಜ್ಜಿ ಮೂಲೆಯಿಂದಲೇ ಹೇಳಿದಳು: "ಆ ದುಡ್ಡು ಮುಟ್ಟಬ್ಯಾಡ. ಅದ್ರಲ್ಲಿ ಮೂರು ತಿಂಗಳು ರಾಗಿ ಬತ್ತದೆ. ಆಟದ ಸಾಮಾನು ತಿಂದು ಬದುಕಾಕಾಯ್ತದಾ?"

ಅಜ್ಜಿ ಹೇಳಿದ್ದು ತಪ್ಪೆಂದು ಈಗಲೂ ನನಗೆ ಅನಿಸುವುದಿಲ್ಲ. ಆದರೆ ಹನ್ನೊಂದು ವರ್ಷದ ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಹಿಂದಿನ ಸಂಜೆ ಚಿಕ್ಕಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಟ್ರಂಕಿನ ಎದುರಿಗೆ ಸುಮ್ಮನೆ ಕೂತಿದ್ದನ್ನು ನೋಡಿದ್ದೆ. ಅಷ್ಟೇ ಸಾಕಾಗಿತ್ತು.

"ಅಪ್ಪ ಅದನ್ನು ನಮಗೆ ಕಳಿಸಿದ್ದು," ಎಂದೆ. "ನೀವು ಅದನ್ನ ನಿಮ್ಮ ಮಗಳಿಗೆ ಇಟ್ಕೊಳ್ತೀರಿ. ಅಪ್ಪ ಸತ್ತುಹೋದ್ರು ಅಂತ ಆಗ್ಲೇ ಲೆಕ್ಕ ಹಾಕಿಬಿಟ್ಟಿದೀರಿ ನೀವು."

ಮೊರ ಅವಳ ಕೈಯಲ್ಲಿ ಹಾಗೇ ನಿಂತಿತು. ಹೊಡೆಯುತ್ತಾಳೆಂದುಕೊಂಡೆ, ಹೊಡೆದರೆ ಒಳ್ಳೆಯದೆಂದುಕೊಂಡೆ, ಸಭೆಗೆಲ್ಲ ಹೇಳಬಹುದಿತ್ತು. ಅವಳು ಮೊರ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು. ಬೀಗ ತೆಗೆದ ಸದ್ದು ಕೇಳಿತು. ಬಂದವಳು ಮೂರು ನೋಟನ್ನೂ ನೆಲದ ಮೇಲೆ, ನಮ್ಮೆಲ್ಲರ ಮುಂದೆ, ಪಕ್ಕಪಕ್ಕ ಇಟ್ಟಳು.

"ನಾಳೆ ಅಂಗಡಿಗೆ ಓಗಾನ," ಎಂದಳು. "ಅದಿನೈದೂ ಖರ್ಚು ಮಾಡ್ತೀನಿ. ಮೂವರಿಗೂ ಐದೈದು."

"ತಲೆ ಕೆಟ್ಟದಾ ನಿಂಗೆ?" ಅಜ್ಜಿ ಕಿರುಚಿದಳು.

"ಅತ್ತೆ, ಅವರು ಅಬ್ಬಕ್ಕೆ ಅಂತ ಕಳಿಸವ್ರೆ. ನಾನು ರಾಗಿಗೆ ಅಂತ ಇಟ್ಕಂಡ್ರೆ, ಇನ್ನು ಅವರು ಕಳಿಸಾಕಿಲ್ಲ ಅಂತ ನಾನೇ ಒಪ್ಕಂಡಂಗೆ. ನಾನು ಒಪ್ಪಾಕಿಲ್ಲ. ನೀವು ಒಪ್ತೀರಾ?"

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಗೆದ್ದ ಮೇಲೂ ನಾನು ಬಿಡಲಿಲ್ಲ. "ಪಾಪು ಚಿಕ್ಕದು, ಅದಕ್ಕೆ ಏನು ಗೊತ್ತಾಗುತ್ತೆ? ಅದಕ್ಕೂ ಐದಾ?" ಎಂದೆ.

ಆಗ ಚಿಕ್ಕಮ್ಮ ನನ್ನನ್ನು ನೇರವಾಗಿ ನೋಡಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಅವಳೂ ನಿಮ್ಮಪ್ಪನ ಮಗಳೇ ಕಣವ್ವ. ಅವಳಿಗೆ ಕಮ್ಮಿ ಮಾಡಿ ನಿನ್ನ ಕಣ್ಣಲ್ಲಿ ಒಳ್ಳೇವಳಾಗಾದು ನಂಗೆ ಬ್ಯಾಡ."

ಮಾರನೆಯ ದಿನ ಪೇಟೆಯಲ್ಲಿ ಒಬ್ಬ ಜೈನರ ಅಂಗಡಿಗೆ ಹೋದೆವು. ಶ್ರವಣಬೆಳಗೊಳದ ಕಡೆಯಿಂದ ಬಂದು ನೆಲೆಸಿದ್ದ ಮೃದು ಮಾತಿನ ಮುದುಕರು. ಶಾಲೆಯ ಪುಸ್ತಕ, ಸ್ಲೇಟು, ಉಣ್ಣೆ ಬಟ್ಟೆ, ಆಟದ ಸಾಮಾನು ಎಲ್ಲ ಅಲ್ಲಿಯೇ. ಕೂಸಿಗೆ ಮೊದಲು ಕೊಂಡಳು: ಹಿಡಿದುಕೊಂಡು ನಡೆಯಲು ಕಲಿಯುವ ಮೂರು ಗಾಲಿಯ ಮರದ ಗಾಡಿ, ಒಂದು ಉಣ್ಣೆಯ ಅಂಗಿ. ತಮ್ಮನ ಕಣ್ಣು ಗಾಜಿನ ಬೀರುವಿನಲ್ಲಿದ್ದ ಕೆಂಪು ತಗಡಿನ ಮೋಟಾರಿನ ಮೇಲೆ ನೆಟ್ಟಿತ್ತು. ಕೀಲಿ ಕೊಟ್ಟರೆ ಓಡುವ ಮೋಟಾರು.

"ಬೆಲೆ ಸ್ವಲ್ಪ ಏರಿದೆ ತಾಯಿ," ಎಂದರು ಅಂಗಡಿಯವರು. "ಇನ್ನು ಈ ಮಾಲು ಬರೋದಿಲ್ಲ. ಹಳೇ ದಾಸ್ತಾನು, ಇದೇ ಕೊನೇದು."

ಚಿಕ್ಕಮ್ಮ ಮೋಟಾರನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದಳು. ಹೊಟ್ಟೆಯ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. "ಏನು ಬರದದೆ ನೋಡವ್ವ," ಎಂದು ನನಗೆ ಕೊಟ್ಟಳು.

ಓದಿದೆ. ಸುಳ್ಳು ಹೇಳಬಹುದಿತ್ತು. ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. ಅಂಗಡಿಯವರು ಬೇರೆ ಕಡೆ ನೋಡಿದರು, ಅವರಿಗೆ ಗೊತ್ತಿತ್ತು.

"ಜಪಾನಿನಲ್ಲಿ ಮಾಡಿದ್ದು ಅಂತ," ಎಂದೆ.

ಚಿಕ್ಕಮ್ಮ ಮೋಟಾರನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡಳು. ಎಸೆದುಬಿಡುತ್ತಾಳೆ ಅನಿಸಿತು. ತಮ್ಮ ಅಳು ನುಂಗಿಕೊಂಡು, "ನಂಗೆ ಬ್ಯಾಡ ಚಿಕ್ಕಮ್ಮ, ಚೆಂಡು ಕೊಡಿಸು ಸಾಕು," ಎಂದ. ಏಳು ವರ್ಷದ ಹುಡುಗ.

ಆ ಮಾತಿಗೆ ಅವಳು ಎಚ್ಚೆತ್ತಂತೆ ಕಂಡಿತು. "ಇದರ ದುಡ್ಡು ಅವರಿಗೆ ಯಾವತ್ತೋ ಓಗಿ ಸೇರ್ಕಂಡದೆ," ಎಂದಳು. "ಈಗ ಇದು ಈ ಸೆಟ್ರದು. ನಾವು ಕೊಂಡ್ರೆ ನಿಂದು ಕಣ್ಲಾ ಮಗ. ಅವರದಲ್ಲ." ಮೋಟಾರಿನ ಜೊತೆ ಒಂದು ಜೊತೆ ಕ್ಯಾನ್‌ವಾಸ್ ಬೂಟನ್ನೂ ತೆಗೆಸಿದಳು.

ನನ್ನ ಸರದಿ ಬಂತು. ಏನೂ ಬೇಡ ಎನ್ನಬೇಕೆಂದು ಮನೆಯಿಂದಲೇ ನಿಶ್ಚಯಿಸಿ ಬಂದಿದ್ದೆ. ಆದರೆ ಪುಸ್ತಕದ ಸಾಲಿನಲ್ಲಿ ದಪ್ಪ ರಟ್ಟಿನ ಭೂಪಟದ ಪುಸ್ತಕವಿತ್ತು. ನಮ್ಮ ಶಾಲೆಯಲ್ಲೂ ಅಂಥದ್ದಿರಲಿಲ್ಲ. ಬೆಲೆ ನಾಲ್ಕೂವರೆ. ಚಿಕ್ಕಮ್ಮ ಮೊದಲ ಸಲ ತಡವರಿಸಿದಳು. "ಬರೀ ಚಿತ್ರ ಅಲ್ವಾ ಇದು? ಸೀರೆ ಗೀರೆ ಬ್ಯಾಡ್ವಾ?"

"ಇದರಲ್ಲಿ ಮಲಯಾ ಇದೆ," ಎಂದೆ.

ಅವಳು ಮತ್ತೆ ಬೆಲೆ ಕೇಳಲಿಲ್ಲ.

ಅಂಗಡಿಯವರು ಲೆಕ್ಕ ಕೂಡಿ, ನಮ್ಮ ವಿಷಯವೆಲ್ಲ ತಿಳಿದವರಾದ್ದರಿಂದ, ಎಂಟಾಣೆ ಬಿಟ್ಟು ಹೇಳಿದರು. ಚಿಕ್ಕಮ್ಮನಿಗೆ ಅದೇ ಕಷ್ಟವಾಯಿತು. "ಬಿಡಬ್ಯಾಡಿ ಸಾಮಿ. ಪೂರ್ತಿ ಖರ್ಚಾಗಬೇಕು," ಎಂದಳು. ಅವರು ಒಪ್ಪಲಿಲ್ಲ. ಕೊನೆಗೆ ಆ ದುಡ್ಡಿಗೂ, ನನ್ನ ಪಾಲಿನಲ್ಲಿ ಉಳಿದದ್ದಕ್ಕೂ ಪೆಪ್ಪರ್‌ಮೆಂಟು ಕಟ್ಟಿಸಿಕೊಂಡು, ದಾರಿಯುದ್ದಕ್ಕೂ ಸಿಕ್ಕ ಮಕ್ಕಳಿಗೆಲ್ಲ ಕೊಟ್ಟುಕೊಂಡು ಬಂದೆವು. ತಲೆ ಕೆಟ್ಟಿದೆ ಎಂದು ಕೇರಿಯವರಿಗೂ ಅನಿಸಿರಬೇಕು.

ಹಬ್ಬದ ದಿನ ಆರಾಧನೆ ಮುಗಿಸಿ ಬಂದ ಮೇಲೆ ಭೂಪಟ ಬಿಡಿಸಿದೆವು. ಮಲಯಾ ಒಂದು ಹುಣಿಸೆಕಾಯಿಯ ಹಾಗೆ ಸಮುದ್ರಕ್ಕೆ ಇಳಿಬಿದ್ದಿತ್ತು. ಚಿಕ್ಕಮ್ಮ ಹಾಸನ ಎಲ್ಲಿ ಎಂದು ಕೇಳಿದಳು. ಹಾಸನ ಅದರಲ್ಲಿರಲಿಲ್ಲ, ಮೈಸೂರಿತ್ತು. ಅಲ್ಲಿಂದ ಮಲಯಾದವರೆಗೆ ಬೆರಳಿಟ್ಟು ಅಳೆದಳು. "ಗೇಣೂ ಇಲ್ಲ," ಎಂದಳು. ಆ ದಿನ ಅವಳು ನಕ್ಕಿದ್ದು ಅದೊಂದೇ ಸಲ.

ಫೆಬ್ರವರಿಯಲ್ಲಿ ಸಿಂಗಪುರ ಬಿತ್ತು. ಅಪ್ಪ ಕಾಣೆಯಾಗಿದ್ದಾರೆ ಎಂಬ ಅಚ್ಚಿನ ಕಾಗದ ಬಂತು. ಬರುವ ಪಾಲು ಅರ್ಧಕ್ಕಿಳಿಯಿತು. ಚಿಕ್ಕಮ್ಮ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಗಂಡ ಔಷಧಿ ಕೊಡುತ್ತಿದ್ದ ಕಿಟಕಿಯ ಮುಂದೆಯೇ ನೆಲ ಒರೆಸುತ್ತಿದ್ದಳು. ಅಜ್ಜಿ ಮಗನ ದಾರಿ ನೋಡುತ್ತಲೇ ಮರುವರ್ಷ ಕಣ್ಣು ಮುಚ್ಚಿದಳು. ರಾಗಿಗೆ ಸಾಲಿನಲ್ಲಿ ನಿಂತ ಆ ವರ್ಷಗಳಲ್ಲಿ ನಾನು ಯಾವಾಗ ಬಹುವಚನ ಬಿಟ್ಟು 'ನೀನು' ಎನ್ನತೊಡಗಿದೆನೋ ನೆನಪಿಲ್ಲ. ಡಿಸೆಂಬರು ಬಂದಾಗ ಮಾತ್ರ ಅವಳು ನಮ್ಮನ್ನು ಕೂರಿಸಿಕೊಂಡು ಎಷ್ಟು ಖರ್ಚೆಂದು ಹೇಳುತ್ತಿದ್ದಳು. ಒಂದು ವರ್ಷ ಮೂರಾಣೆ. ತಲೆಗೊಂದಾಣೆ. ಅದನ್ನೂ ಕಣ್ಮುಂದೆ ಹಂಚಿದಳು.

ಯುದ್ಧ ಮುಗಿದು ಕೆಲವು ತಿಂಗಳ ಮೇಲೆ ಹಿರೀಸಾವೆಯ ಕಡೆಯವರೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಮೂಳೆಗೆ ಚರ್ಮ ಅಂಟಿದ ಮನುಷ್ಯ. ಅಪ್ಪನ ದಂಡಿನ ಆಸ್ಪತ್ರೆಯಲ್ಲಿ ಗಾಡಿ ಓಡಿಸುತ್ತಿದ್ದವರು, ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದರು. ಬಾಗಿಲಲ್ಲಿ ಅವರು ನಿಂತ ರೀತಿಯಿಂದಲೇ ನಮಗೆಲ್ಲ ಗೊತ್ತಾಯಿತು. ಸೆರೆಯಾದ ಮರುವರ್ಷ, ಶಿಬಿರದಲ್ಲಿ, ಭೇದಿಯಿಂದ ಎಂದು ಹೇಳಿದರು. ಚಿಕ್ಕಮ್ಮ ಕಂಬ ಹಿಡಿದು ನಿಂತೇ ಕೇಳಿದಳು.

ನೀರು ಕುಡಿದು ಅವರೇ ಕೇಳಿದರು: "ಅಮ್ಮಾ, ಅವರು ಕಳಿಸಿದ ದುಡ್ಡು ಬಂದಿತ್ತಾ? ಅಬ್ಬದ ದುಡ್ಡು?"

"ಬಂತು."

"ಆವತ್ತು ಅಬ್ಬದ ದಿನ ನಾವು ರಬ್ಬರು ತೋಟದ ಒಳಗೆ, ಲಾರೀಲಿ ಗಾಯದವರನ್ನ ತುಂಬ್ಕಂಡು ಹಿಂದಕ್ಕೆ ಬತ್ತಿದ್ವಿ. ಮ್ಯಾಲೆ ಏರೋಪ್ಲೇನು. ಆಗ್ಲೂ ಅವ್ರಿಗೆ ಒಂದೇ ಮಾತು. 'ಈಗ ನಮ್ಮನೇಲಿ ಮಕ್ಕಳು ಏನೇನು ಇಟ್ಕಂಡು ಕೂತವೋ' ಅಂತ. ಮೊದಲು ಹತ್ತು ರೂಪಾಯಿ ಕಳಿಸಾಕೆ ಒಂಟಿದ್ರು. ಆಮೇಲೆ, 'ಹತ್ತು ಮೂರು ಭಾಗ ಆಗಾಕಿಲ್ಲ ಕಣಯ್ಯ, ಒಂದಕ್ಕೆ ಹೆಚ್ಚು ಒಂದಕ್ಕೆ ಕಮ್ಮಿ ಆದ್ರೆ ಜನ ಅವಳನ್ನ ಅಂತಾರೆ' ಅಂದು ಅದಿನೈದು ಮಾಡಿದ್ರು. ಏನು ಕೊಂಡ್ರಿ ಅಮ್ಮಾ?"

ಚಿಕ್ಕಮ್ಮ ಒಂದೊಂದಾಗಿ ಹೇಳಿದಳು. ಗಾಡಿ, ಉಣ್ಣೆಯ ಅಂಗಿ, ಮೋಟಾರು, ಬೂಟು, ಪುಸ್ತಕ. "ಉಳಿದಿದ್ದಕ್ಕೆ ಪೆಪ್ಪರ್‌ಮೆಂಟು," ಎಂದಳು. "ಒಂದು ಕಾಸೂ ಇಟ್ಕಳ್ಳಿಲ್ಲ." ಅಷ್ಟು ಹೇಳಿ ಕಂಬದ ಬುಡದಲ್ಲಿ ಕುಸಿದು ಕೂತು, ನಾಲ್ಕು ವರ್ಷದಿಂದ ಅಳದಿದ್ದ ಅಳುವನ್ನೆಲ್ಲ ಅತ್ತಳು.

ನಾನು ತರಬೇತಿ ಮುಗಿಸಿ ಹೊಳೆನರಸೀಪುರದಲ್ಲಿ ಟೀಚರಾದ ವರ್ಷ ಅವಳಿಗೆ ಎದೆಯ ಕಾಯಿಲೆ ಬಲವಾಯಿತು. ರಜಕ್ಕೆ ಬಂದಿದ್ದೆ. ಅವಳ ಹಾಸಿಗೆಯ ಪಕ್ಕ ಕೂತು, ಎಂಟು ವರ್ಷದಿಂದ ಆಡಲಾಗದಿದ್ದ ಮಾತನ್ನು ಹೇಗೋ ಆಡಿದೆ. "ಚಿಕ್ಕಮ್ಮ, ಆವತ್ತು ನಾನು ಹಾಗೆ ಅನ್ನಬಾರದಿತ್ತು. ದುಡ್ಡು ಪಾಪುಗೆ ಇಟ್ಕೊಳ್ತೀಯ ಅಂತ."

ಅವಳು ಮೇಲೆ ಸೂರು ನೋಡುತ್ತ ಮಲಗಿದ್ದಳು. "ಸುಳ್ಳೇನೂ ಅಂದಿರ್ಲಿಲ್ವಲ್ಲ ನೀನು," ಎಂದಳು.

ನನಗೆ ಅರ್ಥವಾಗಲಿಲ್ಲ.

"ನಿಮ್ಮಪ್ಪ ಬರಾಕಿಲ್ಲ ಅಂತ ನನ್ ಮನಸು ಆವತ್ತೇ ಏಳಿತ್ತು ಕಣವ್ವ. ನಿಮಗೆ ಸಭೆಯೋರು ಅವ್ರೆ, ಅಜ್ಜಿಗೂ ನಿಮ್ ಮ್ಯಾಲೇ ಪ್ರೀತಿ. ನನ್ ಕೂಸಿಗೆ ಯಾರವ್ರೆ ಅಂತ, ಅದಕ್ಕೇ ಟ್ರಂಕಿನ ತಳಕ್ಕೆ ಆಕಿದ್ದೆ. ನಾಕು ದಿನ ಅದೇ ಮನಸು. ನೀನು ಮಕದ ಮ್ಯಾಲೆ ಅಂದ್ಬುಟ್ಟೆ. ಸುಳ್ಳಾಗಿದ್ರೆ ಬೈದು ಸುಮ್ನಾಗ್ತಿದ್ದೆ. ದಿಟ ಆಗಿತ್ತು. ಅದಕ್ಕೇ ಎತ್ತಿ ತಂದು ಮುಂದಿಟ್ಟೆ." ಸ್ವಲ್ಪ ಹೊತ್ತು ಉಸಿರಿಗಾಗಿ ತಡೆದಳು. "ನೀನು ಅನ್ನದಿದ್ರೆ, ಆ ಮನುಸ ಬಂದು ಕೇಳಿದ ದಿನ ನಾನು ಏನಂತ ಏಳ್ತಿದ್ದೆ?"

ಇದಾದ ಎರಡು ತಿಂಗಳಿಗೆ, ಸುಗ್ಗಿಗೆ ಮುಂಚೆ, ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ತಮ್ಮನನ್ನೂ ತಂಗಿಯನ್ನೂ ಹೊಳೆನರಸೀಪುರಕ್ಕೆ ಕರೆದುಕೊಂಡು ಹೋದೆ. ಸಭೆಯವರು ಬಂದು ಸಮಾಧಾನ ಹೇಳಿದಾಗ ನನಗೆ ಅಳು ಬಂದಿರಲಿಲ್ಲ. ಗಟ್ಟಿ ಹುಡುಗಿ ಎಂದರು.

ಡಿಸೆಂಬರು ಬಂತು. ಸಂಬಳದಲ್ಲಿ ಬಾಡಿಗೆ, ಅಕ್ಕಿ, ಇಬ್ಬರ ಫೀಜು ಕಳೆದು ಆರು ರೂಪಾಯಿ ಉಳಿದಿತ್ತು. ಹಬ್ಬಕ್ಕೆ ಎಷ್ಟು ಎಂದು ಯೋಚಿಸುತ್ತ ಕೂತೆ. ಎರಡು ರೂಪಾಯಿ ಸಾಕು ಅನಿಸಿತು. ಉಳಿದ ನಾಲ್ಕರಲ್ಲಿ ನನಗೊಂದು ಸೀರೆ ಬೇಕಾಗಿತ್ತು. ಶಾಲೆಯಲ್ಲಿ ಉಟ್ಟದ್ದನ್ನೇ ಉಡುತ್ತಿದ್ದೆ. ಯಾರೂ ಕೇಳುವವರಿರಲಿಲ್ಲ. ಮಕ್ಕಳಿಗೆ ನನ್ನ ಬಳಿ ಎಷ್ಟಿದೆ ಎಂಬುದೇ ಗೊತ್ತಿರಲಿಲ್ಲ. ನೋಟುಗಳನ್ನು ಪೆಟ್ಟಿಗೆಯಲ್ಲಿಡಲು ಎದ್ದಾಗ, ಬಾಗಿಲಲ್ಲಿ ತಂಗಿ ನಿಂತಿದ್ದಳು. ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿದ್ದಳು. ಅವಳು ಏನೂ ಅನ್ನಲಿಲ್ಲ. ಅನ್ನುವಷ್ಟು ಧೈರ್ಯ ಅವಳಿಗೆ ನನ್ನ ಮನೆಯಲ್ಲಿ ಇನ್ನೂ ಬಂದಿರಲಿಲ್ಲ.

ಇಬ್ಬರನ್ನೂ ಕರೆದು ಎದುರಿಗೆ ಕೂರಿಸಿಕೊಂಡು ಆರು ರೂಪಾಯಿಯನ್ನೂ ನೆಲದ ಮೇಲಿಟ್ಟೆ. ತಲೆಗೆ ಮೂರು ಎಂದೆ. ಪೇಟೆಯಿಂದ ಹಿಂದಿರುಗುವಾಗ ಮಕ್ಕಳು ಕೈಯಲ್ಲಿ ಪೊಟ್ಟಣ ಹಿಡಿದು ಮುಂದೆ ನಡೆಯುತ್ತಿದ್ದರು. ಹೊಳೆಯ ಕಡೆಯ ರಸ್ತೆಗೆ ತಿರುಗಿದಾಗ ನನಗೆ ಮುಂದೆ ಹೆಜ್ಜೆಯಿಡಲಾಗಲಿಲ್ಲ. ಒಂದು ಮರದ ಹಿಂದೆ ನಿಂತು, ಚಿಕ್ಕಮ್ಮ ಸತ್ತ ಮೇಲೆ ಮೊದಲ ಸಲ, ಅತ್ತೆ.